ಮೂರನೆಯ ಪಾಲು

ಕೇಳಿಯೇ ಬಿಡಬೇಕು ಎಂದು ಹಿಂದಿನ ಸಂಜೆ ನಿರ್ಧರಿಸಿದ್ದೇನೋ ನಿಜ. ಆದರೆ ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಬಳಿ ನಿಂತು ಆಲೂಗಡ್ಡೆ ಹೆರೆಯುತ್ತಿದ್ದ ಫೆನ್ನಾಗೆ ಆ ನಿರ್ಧಾರ ತನ್ನದೋ ಮರಿಟ್‌ಳದೋ ಎಂಬುದೇ ಗೊತ್ತಾಗಲಿಲ್ಲ. ಹೊರಗೆ ಸಮುದ್ರದ ಕಟ್ಟೆಯ ಮೇಲೆ ಕುರಿಗಳು ಗಾಳಿಗೆ ಬೆನ್ನು ಮಾಡಿ ನಿಂತಿದ್ದವು. ಬಂದರಿನ ಕಡೆಯಿಂದ ಕ್ರೇನು ಕಿರುಗುಟ್ಟುವ ಸದ್ದು ಕೇಳುತ್ತಿತ್ತು. ಮರಿಟ್ ಜಗಳಕ್ಕೆ ಬಂದವಳಲ್ಲ. ಹಿಂದಿನ ಕೋಣೆಯ ಬಾಡಿಗೆಗೆ ಬಂದು ಎರಡು ವರ್ಷವಾಯಿತು, ಒಂದು ದಿನ ದನಿ ಎತ್ತಿದ್ದಿಲ್ಲ. ಬೇಕರಿಯಲ್ಲಿ ಕೆಲಸ. ಊರು ಏಳುವ ಮೊದಲೇ ಹೋಗಿ ಮಧ್ಯಾಹ್ನ ಮೈತುಂಬ ಹಿಟ್ಟಿನ ವಾಸನೆ ಹೊತ್ತು ಬರುತ್ತಾಳೆ. ನಿನ್ನೆ ಮೇಜಿನ ಮೇಲಿದ್ದ ಗ್ಯಾಸ್ ಬಿಲ್ಲನ್ನು ಬೆರಳಿನಿಂದ ಮೆಲ್ಲಗೆ ಫೆನ್ನಾಳ ಕಡೆ ನೂಕಿ, "ರೈಂಡರ್ ಅಂದ್ರೆ ನನಗೂ ಇಷ್ಟಾನೇ ಫೆನ್ನಾ. ಆದ್ರೆ ಅವರು ಲೆಕ್ಕದಲ್ಲಿ ಇದಾರೋ ಇಲ್ವೋ, ಅಷ್ಟು ಹೇಳಿಬಿಡಿ," ಎಂದಿದ್ದಳು. "ಹಂಗಂದ್ರೆ?" ಎಂದು ಕೇಳಿದ್ದು ಫೆನ್ನಾ, ಅರ್ಥವಾಗಿದ್ದರೂ. "ಹಂಗಂದ್ರೆ ಬಿಲ್ಲು ಮೂರು ಪಾಲೋ, ಎರಡು ಪಾಲೋ ಅಂತ."

ಪ್ರಶ್ನೆ ಅಷ್ಟೇ. ಆದರೆ ರಾತ್ರಿಯೆಲ್ಲ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಉಳಿದಿತ್ತು. ರೈಂಡರ್ ಮಹಡಿಯ ಮುಂದಿನ ಕೋಣೆಯಲ್ಲಿ ಒಂಬತ್ತು ವರ್ಷದಿಂದ ಇದ್ದವರು. ಕಾಲುವೆಯ ತೂಬು ತೆರೆಯುವ, ಮುಚ್ಚುವ ಕೆಲಸದಲ್ಲಿದ್ದು ನಿವೃತ್ತರಾದವರು, ಮದುವೆ ಮಾಡಿಕೊಂಡವರಲ್ಲ. ಶರತ್ಕಾಲದಲ್ಲಿ ಹೊಟ್ಟೆಯ ಗಡ್ಡೆ ಕಂಡುಬಂದು, ಈಗ ಪಕ್ಕದೂರು ಅಪ್ಪಿಂಗೆಡಾಮಿನ ಆರೈಕೆಮನೆಯಲ್ಲಿದ್ದಾರೆ. ಅಲ್ಲಿಗೆ ಹೋದವರು ತಿರುಗಿ ಬರುವುದಿಲ್ಲ. ಅದು ಡಾಕ್ಟರಿಗೆ ಗೊತ್ತು, ರೈಂಡರ್‌ಗೆ ಗೊತ್ತು, ಅಂಚೆಯವನಿಗೂ ಗೊತ್ತು. ಆದರೂ ಬಾಡಿಗೆ ತಿಂಗಳ ಮೊದಲ ದಿನವೇ ಬಂದು ಬೀಳುತ್ತಿತ್ತು, ಮತ್ತು ಫೆನ್ನಾ ಆ ಕೋಣೆಯನ್ನು ಬೇರೆಯವರಿಗೆ ಕೊಡುವ ಮಾತನ್ನು ತನ್ನೊಳಗೂ ಆಡಿಕೊಂಡಿರಲಿಲ್ಲ. ಗ್ಯಾಸ್ ಬಿಲ್ಲಿನದು ಬೇರೆ ಮಾತು. ಅದು ವರ್ಷಕ್ಕೊಮ್ಮೆ ತೀರುವ ಬಾಬ್ತು; ಈ ಸಲವಂತೂ ಯುದ್ಧ, ಅದು ಇದು ಎಂದು ದುಪ್ಪಟ್ಟಿಗಿಂತ ಹೆಚ್ಚಾಗಿತ್ತು. ಮೂರು ಸಮ ಪಾಲು ಎಂಬ ಕಟ್ಟಳೆ ಮಾಡಿದ್ದೇ ರೈಂಡರ್. ಮರಿಟ್ ಬಂದ ಹೊಸತರಲ್ಲಿ, ಒಬ್ಬೊಬ್ಬರ ಕೋಣೆಗೆ ಬೇರೆ ಬೇರೆ ಮೀಟರು ಹಾಕಿಸಬಹುದಲ್ಲ ಎಂದು ಕೇಳಿದಾಗ, ಬಟಾಣಿ ಸೂಪಿನಲ್ಲಿ ಚಮಚ ನೆಟ್ಟಗೆ ನಿಲ್ಲಿಸಿ ಅವರು ನಕ್ಕಿದ್ದರು. "ಯಾರು ಎಷ್ಟು ಹೊತ್ತು ಸ್ನಾನ ಮಾಡಿದ್ರು, ಯಾರ ಕೋಣೆ ಎಷ್ಟು ಬೆಚ್ಚಗಿತ್ತು ಅಂತ ಅಳೆಯೋಕೆ ಶುರು ಮಾಡಿದ್ರೆ ಇದು ಮನೆಯಾಗಿ ಉಳಿಯಲ್ಲಮ್ಮ, ತಕ್ಕಡಿ ಇಟ್ಟ ಅಂಗಡಿ ಆಗತ್ತೆ." ಆಮೇಲೆ ಗೋಡೆಯ ಬಿರುಕು ತೋರಿಸಿ, "ನೋಡು, ಕಂಪನಿಯವರು ನಮ್ಮ ಹೊಲದ ಹೊಟ್ಟೆಯಿಂದಲೇ ಗ್ಯಾಸು ತೆಗೆದು, ಭೂಮಿ ನಡುಗಿಸಿ, ಗೋಡೆ ಸೀಳಿ, ನಮಗೇ ಮಾರ್ತಾರೆ. ಅಂಥವರ ಮುಂದೆ ನಾವು ನಾವೇ ಕಿತ್ತಾಡೋದಾ?" ಎಂದಿದ್ದರು.

ಫೆನ್ನಾಳನ್ನು ಕಾಡುತ್ತಿದ್ದುದು ಬಿಲ್ಲೂ ಅಲ್ಲ. ಆಂಬುಲೆನ್ಸ್ ಬಂದು ರೈಂಡರ್‌ರನ್ನು ಕರೆದೊಯ್ದ ದಿನ, ಅದು ತಿರುವು ದಾಟುವುದನ್ನು ನೋಡಿ, ಅವರ ಕೋಣೆಯ ಪರದೆ ಎಳೆಯಲೆಂದು ಮೇಲೆ ಹೋಗಿದ್ದಳು. ಹಾಸಿಗೆಯ ಮೇಲೆ ಅವರು ಕೂತಿದ್ದ ಕುಳಿ ಇನ್ನೂ ಹಾಗೇ ಇತ್ತು. ಪರದೆ ಎಳೆದ ಕೈ ಅಲ್ಲಿಗೆ ನಿಲ್ಲದೆ ಕಿಟಕಿಯ ಕೆಳಗಿನ ಹೀಟರಿನ ತಿರುಪಿಗೆ ಇಳಿಯಿತು. ತೊಟ್ಟಿಕ್ಕುವ ನಲ್ಲಿಯನ್ನು ಬಿಗಿ ಮಾಡುವ ಹಾಗೆ, ಕಡೆಯವರೆಗೂ ತಿರುಗಿಸಿತು. ಆಗ ಅದರಲ್ಲಿ ಏನೂ ಅನ್ನಿಸಿರಲಿಲ್ಲ. ಯಾರೂ ಇಲ್ಲದ ಕೋಣೆಗೆ ಶಾಖ ಯಾಕೆ ಎಂಬುದು ಅವಳ ತಾಯಿ, ತಾಯಿಯ ತಾಯಿ ಎಲ್ಲರೂ ಹೇಳುತ್ತಿದ್ದ ಮಾತೇ. ಕೆಳಗಿಳಿದು ಕಾಫಿ ಮಾಡಿಕೊಂಡು ಕುಡಿಯುವಾಗ, ಕಣ್ಣು ಅಳುವ ಮೊದಲೇ ಕೈ ಹೀಟರು ಆರಿಸಿತಲ್ಲ ಎಂದು ಹೊಳೆದು ಕಪ್ಪನ್ನು ಕೆಳಗಿಟ್ಟಿದ್ದಳು. ಆಮೇಲೆ ಮೇಲೆ ಹೋಗಿ ತಿರುಪನ್ನು ಮತ್ತೆ ತೆರೆಯಬಹುದಿತ್ತು. ತೆರೆಯಲಿಲ್ಲ. ಇವತ್ತು, ನಾಳೆ ಎನ್ನುತ್ತ ಚಳಿಗಾಲ ಕಳೆಯುತ್ತ ಬಂತು.

ಆರೈಕೆಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಮಾತು ಜೋಡಿಸಿಕೊಂಡಳು. "ರೈಂಡರ್, ಬಿಲ್ಲು ಬಂದಿದೆ" ಎಂದರೆ ಸಾಲ ಕೊಟ್ಟವನು ಬಾಗಿಲು ತಟ್ಟಿದ ಹಾಗಾಗುತ್ತದೆ. "ಮರಿಟ್ ಕೇಳ್ತಿದ್ದಳು" ಎಂದರೆ ಹುಡುಗಿಯ ಬೆನ್ನ ಹಿಂದೆ ಅಡಗಿಕೊಂಡ ಹಾಗೆ. ಸುಮ್ಮನೆ ಸೂಪು ಕೊಟ್ಟು ಬಂದರೆ ಮರಿಟ್‌ಗೆ ಏನು ಹೇಳುವುದು? ರೈಂಡರ್‌ರದೂ ಸೇರಿಸಿ ತಾನೇ ಎರಡು ಪಾಲು ಕೊಟ್ಟುಬಿಡಬಹುದು. ಆದರೆ ಗಂಡ ಬಿಟ್ಟುಹೋದ ಮೇಲೆ ಈ ಮನೆಯನ್ನು ಉಳಿಸಿಕೊಂಡದ್ದೇ ಬಾಡಿಗೆಯಿಂದ, ಅದೂ ಹರಿದಲ್ಲಿ ತೇಪೆ ಹಾಕುತ್ತ. ಕಿಟಕಿಯ ಗಾಜಿನಲ್ಲಿ ತೊಡೆಯ ಮೇಲೆ ಸೂಪಿನ ಡಬ್ಬಿ ಹಿಡಿದ ಹೆಂಗಸೊಬ್ಬಳು ತುಟಿ ಅಲ್ಲಾಡಿಸುತ್ತಿದ್ದಳು. ಅದು ತಾನೇ ಎಂದು ತಿಳಿಯಲು ಅವಳಿಗೆ ತುಸು ಹೊತ್ತು ಹಿಡಿಯಿತು. ಎದುರಿನ ಹುಡುಗಿ ಮುಖ ತಿರುಗಿಸಿಕೊಂಡಳು.

ಆರೈಕೆಮನೆಯ ಬಾಗಿಲ ಬಳಿಯ ವಿಚಾರಣೆಯ ಮೇಜಿನಲ್ಲಿ ಹೊಸ ಹೆಂಗಸು ಕೂತಿದ್ದಳು, ಕೊರಳಲ್ಲಿ ಕನ್ನಡಕ ನೇತುಹಾಕಿಕೊಂಡು. "ರೈಂಡರ್ ಅವರನ್ನ ನೋಡೋಕಾ? ನೀವು ಅವರ ಮನೆಯವರಾ?"

"ಹೂಂ," ಎಂದವಳು, ಆ ಹೆಂಗಸಿನ ಕಣ್ಣಲ್ಲಿ ಕನಿಕರ ತುಂಬುವುದನ್ನು ಕಂಡು ಗಾಬರಿಯಾಗಿ, "ಅಂದ್ರೆ, ಮನೆಯವಳಲ್ಲ. ಮನೆ ಓನರ್," ಎಂದಳು.

ಕನಿಕರ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. "ಓ. ಬಾಡಿಗೆ ವಿಷಯ ಏನಾದ್ರೂ ಇದ್ರೆ ಆಫೀಸಿನವರ ಹತ್ರ ಮಾತಾಡಬಹುದು. ಪೇಷಂಟಿಗೆ ಅದೆಲ್ಲ ಬೇಡ ಅಂತ ನಮ್ಮ ಪದ್ಧತಿ."

"ಸೂಪು ತಂದಿದೀನಿ ಅಷ್ಟೇ," ಎಂದು ಫೆನ್ನಾ ಡಬ್ಬಿಯನ್ನು ಎತ್ತಿ ತೋರಿಸಿದಳು, ಶಾಲೆಯಲ್ಲಿ ಕೈ ತೊಳೆದದ್ದನ್ನು ತೋರಿಸುವ ಮಗುವಿನ ಹಾಗೆ. ಹಾಗೆ ತೋರಿಸಿದ್ದಕ್ಕೆ ಲಿಫ್ಟಿನಲ್ಲಿ ತನ್ನ ಮೇಲೆಯೇ ಸಿಟ್ಟು ಬಂತು. ಕೈಚೀಲದಲ್ಲಿ ಬಿಲ್ಲಿತ್ತಲ್ಲ, ಸುಳ್ಳು ಅಲ್ಲಿಂದಲೇ ಶುರುವಾಗಿತ್ತು.

ರೈಂಡರ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಮುಖ ಇಳಿದು ಕಿವಿಗಳು ದೊಡ್ಡವಾಗಿ ಕಾಣುತ್ತಿದ್ದವು. "ಬಂದ್ಯಾ ಓನರಮ್ಮ," ಎಂದರು. ಒಂಬತ್ತು ವರ್ಷದಿಂದ ಹಾಗೇ ಕರೆಯುವುದು, ಅದರಲ್ಲಿ ಅರ್ಧ ತಮಾಷೆ. ಸೂಪಿನ ಮುಚ್ಚಳ ತೆಗೆಸಿ ಮೂಸಿ ನೋಡಿದರು, ಕುಡಿಯಲಿಲ್ಲ. "ಹಂದಿ ಕಾಲು ಹಾಕಿದೀಯ, ಒಳ್ಳೇದು. ಅಲ್ಲಿಡು, ಆಮೇಲೆ." ಆಮೇಲೆ ಎಂಬುದು ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವರು ಕೇಳಲೋ ಬೇಡವೋ ಎಂಬಂತೆ, "ನನ್ನ ಕೋಣೆ ಬೆಚ್ಚಗಿದೆಯಾ?" ಎಂದರು.

"ಇದೆ," ಎಂದಳು ಫೆನ್ನಾ. ಉಸಿರು ಎಳೆದುಕೊಳ್ಳುವುದರೊಳಗೆ ಬಾಯಿ ಹೇಳಿಬಿಟ್ಟಿತ್ತು.

"ಹಾಂ. ಇಲ್ಲಿ ನಿದ್ದೆ ಬರದಿದ್ದಾಗ ನಾನು ಅಲ್ಲಿಗೆ ಹೋಗ್ತೀನಿ ಕಣಮ್ಮ. ಕಾಲಲ್ಲಲ್ಲ. ಬಾಗಿಲು ತೆಗೀತೀನಿ, ಕೋಟು ನೇತುಹಾಕ್ತೀನಿ, ಹೀಟರಿಗೆ ಬೆನ್ನು ಕೊಟ್ಟು ನಿಂತ್ಕೋತೀನಿ. ತೂಬಿನ ಹತ್ರ ಕೆಲಸ ಮಾಡಿದ ಬೆನ್ನು, ಅದಕ್ಕೆ ಶಾಖ ಬೇಕು. ನಿಂತು ನಿಂತು ನಿದ್ದೆ ಬರತ್ತೆ."

ಅವಳು ಗೋಡೆಯ ಕಡೆ ನೋಡಿದಳು. ಅಲ್ಲಿ ಯಾರೋ ಬಿಡಿಸಿದ ಹಡಗಿನ ಚಿತ್ರವಿತ್ತು, ಹಡಗಿಗಿಂತ ಬಾವುಟ ದೊಡ್ಡದು. ಈಗ ಹೇಳಬಹುದು, ಈಗಲಾದರೂ, ಎಂದುಕೊಳ್ಳುತ್ತಿರುವಾಗಲೇ ಅವರು, "ಬಿಲ್ಲು ಬಂದಿರಬೇಕಲ್ಲ," ಎಂದರು.

"ಯಾವ ಬಿಲ್ಲು?"

"ನಾಟಕ ಆಡಬೇಡ. ಫೆಬ್ರವರಿ ಅಲ್ವಾ? ಗ್ಯಾಸಿನದು. ಪೇಪರಿನಲ್ಲಿ ಓದ್ತಿದೀನಿ, ಎಲ್ಲರಿಗೂ ಬರೆ ಹಾಕಿದಾರಂತೆ. ನನ್ನ ಪಾಲೆಷ್ಟು?"

"ನಿಮ್ಮ ಪಾಲು ಬೇಡ ರೈಂಡರ್. ನೀವು ಅಲ್ಲಿ ಇರಲೇ ಇಲ್ಲ ಅರ್ಧ ಚಳಿಗಾಲ. ನಾನೂ ಮರಿಟೂ ನೋಡ್ಕೋತೀವಿ."

ಅವರ ಮುಖ ಬದಲಾಯಿತು. ಸಿಟ್ಟು ಬಂದಿದೆ ಎಂದು ತಿಳಿಯಲು ಫೆನ್ನಾಗೆ ತಡವಾಯಿತು, ಏಕೆಂದರೆ ಆ ಮುಖದಲ್ಲಿ ಈಗ ಸಿಟ್ಟಿಗೆ ಬೇಕಾದಷ್ಟು ಮಾಂಸವಿರಲಿಲ್ಲ. "ಇರಲಿಲ್ಲ ಅಂತ ಯಾರು ಹೇಳಿದ್ದು? ಕೋಣೆ ನನ್ನದು, ಶಾಖ ನನ್ನದು. ಈಗಿಂದಲೇ ನನ್ನ ಲೆಕ್ಕದಿಂದ ತೆಗೆದುಬಿಟ್ರಾ ಇಬ್ಬರೂ ಸೇರಿ?"

"ಹಂಗಲ್ಲ."

"ಇಲ್ಲಿ ಯಾರೂ ನನ್ನಿಂದ ಏನೂ ಕೇಳೋಲ್ಲ, ಗೊತ್ತಾ? ತಟ್ಟೆ ಎತ್ತಿಡಬೇಡಿ ಅಂತಾರೆ. ದೀಪ ಆರಿಸಬೇಡಿ ಅಂತಾರೆ. ನೀನಾದ್ರೂ ಕೇಳ್ತೀಯ ಅಂದ್ಕೊಂಡಿದ್ದೆ." ಸ್ವಲ್ಪ ಸುಧಾರಿಸಿಕೊಂಡು ಅವರು, "ಮೂರು ಅಂದ್ರೆ ಮೂರು, ಓನರಮ್ಮ. ನಾನು ಸತ್ತ ಮೇಲೆ ಎರಡು ಮಾಡ್ಕೊ," ಎಂದರು.

ಅವಳು ಕೈಚೀಲದಿಂದ ಬಿಲ್ಲು ತೆಗೆದಳು. ಅದನ್ನು ತಂದಿದ್ದಳಲ್ಲ ಎಂಬುದು ಅವರಿಗೆ ತಿಳಿಯುವ ಆ ಒಂದು ಗಳಿಗೆ ಅವಳಿಗೆ ದಾಟಲಾರದಷ್ಟು ಉದ್ದವಾಗಿತ್ತು. ಆದರೆ ರೈಂಡರ್ ಸಂತೋಷಪಟ್ಟರು. ಫೋನು ಹಿಡಿದು, ಎರಡು ಸಲ ತಪ್ಪಿ, ಹಣ ಕಳಿಸಿದರು. ಕಳಿಸಿ, ಭಾರದ ಕೆಲಸ ಮುಗಿಸಿದವರ ಹಾಗೆ ಕಣ್ಣು ಮುಚ್ಚಿದರು. ಅವಳು ಕೇಳಲು ನಾಚಿದ್ದನ್ನು ಅವರೇ ಕೇಳಿ ಕೊಟ್ಟರು. ಹೇಳಬೇಕಾಗಿದ್ದನ್ನು ಮಾತ್ರ ಅವಳು ಹೇಳಲಿಲ್ಲ. ಇಲ್ಲದ ಶಾಖಕ್ಕೆ ದುಡ್ಡು ಇಸಕೊಂಡು ಬಸ್ಸು ಹತ್ತಿದಳು.

ಮನೆಗೆ ಬಂದವಳು ಕೋಟು ಕೂಡ ತೆಗೆಯದೆ ಮೇಲೆ ಹೋದಳು. ಬಾಗಿಲು ತೆಗೆದಾಗ ಬಂದದ್ದು ಬಾವಿಯ ತಂಪು. ಹಾಸಿಗೆಯ ಹಿಂದಿನ ಗೋಡೆಯಲ್ಲಿ, ಬಿರುಕಿನ ಗುಂಟ, ಕಪ್ಪು ಬೂಷ್ಟು ಅಂಗೈಯಗಲ ಹಬ್ಬಿತ್ತು. ಕೋಟುಗಳನ್ನು ಮುಟ್ಟಿದರೆ ಒದ್ದೆ. ಇಲ್ಲಿಗೇ ಅಲ್ಲವೆ ನಿದ್ದೆ ಬರದ ರಾತ್ರಿ ಅವರು ಬಂದು ಬೆನ್ನು ಕೊಟ್ಟು ನಿಲ್ಲುವುದು. ಅವಳು ತಿರುಪನ್ನು ಪೂರ್ತಿ ತೆರೆದಳು. ಕೊಳವೆಯೊಳಗೆ ಏನೋ ಕೆಮ್ಮಿತು, ಬಡಿಯಿತು, ಬಿಸಿನೀರು ಹತ್ತತೊಡಗಿತು. ಬಟ್ಟೆ ತಂದು ಗೋಡೆ ಒರೆಸುತ್ತ ಮಂಡಿಯೂರಿದ್ದಾಗ ಬಾಗಿಲಲ್ಲಿ ಮರಿಟ್ ನಿಂತಿದ್ದಳು, ತಲೆಗೆ ಉಣ್ಣೆಯ ಟೋಪಿ, ರೆಪ್ಪೆಯ ಮೇಲೆ ಹಿಟ್ಟು.

"ಪೈಪ್ ಸದ್ದು ಕೇಳಿಸ್ತು. ವಾಪಸ್ ಬರ್ತಿದಾರಾ?"

"ಇಲ್ಲ."

"ಮತ್ತೆ ಯಾರಿಗೆ ಇದು?"

ಫೆನ್ನಾ ಬಟ್ಟೆಯನ್ನು ಮಡಿಚಿದಳು, ಮತ್ತೆ ಬಿಚ್ಚಿದಳು. "ಅವರ ಪಾಲು ಕೊಟ್ಟಿದಾರೆ. ಮೂರೇ ಪಾಲು. ನಿನಗೇನೂ ಹೆಚ್ಚಾಗಲ್ಲ."

"ನಾನು ಅದನ್ನ ಕೇಳಲಿಲ್ಲ," ಎಂದಳು ಮರಿಟ್. ಸ್ವಲ್ಪ ಹೊತ್ತು ಹೀಟರಿನ ಕಡೆ ನೋಡುತ್ತಿದ್ದಳು, ಊಟಕ್ಕೆ ಕರೆಯದವರ ಮನೆಯ ಕಿಟಕಿಯನ್ನು ನೋಡುವ ಹಾಗೆ. "ನನ್ನ ರೂಮಿಗೆ ಬಂದಿದೀರಾ ಈ ಚಳಿಗಾಲದಲ್ಲಿ?"

"ಇಲ್ಲ. ಯಾಕೆ?"

"ಒಂದ್ಸಲ ಬನ್ನಿ."

ಅವಳ ಕೋಣೆ ಉತ್ತರದ ಕಡೆಯದು, ಸಮುದ್ರದ ಗಾಳಿ ನೇರ ಬಡಿಯುವುದು ಅದಕ್ಕೇ. ಹೀಟರಿನ ಮೇಲೆ ಪುಸ್ತಕಗಳನ್ನು ಜೋಡಿಸಿಟ್ಟಿದ್ದಳು. ಅದು ಬಿಸಿಯಾಗದೆ ಎಷ್ಟೋ ದಿನವಾಗಿರಬೇಕು. ಹಾಸಿಗೆಯ ಮೇಲೆ ಎರಡು ಕಂಬಳಿ, ಒಂದು ಮಲಗುವ ಚೀಲ, ಬೇಕರಿಯ ದಪ್ಪ ಜಾಕೆಟ್ಟು. "ನವೆಂಬರಿನಿಂದ ಹಾಕಿಲ್ಲ. ಸ್ನಾನ ಬೇಕರೀಲೇ. ಬಿಲ್ಲು ಎಷ್ಟು ಬರತ್ತೋ ಅಂತ ಹೆದರಿಕೆ ಆಗ್ತಿತ್ತು. ನಾನೊಬ್ಬಳು ಉಳಿಸಿದ್ರೂ ಮೂರರಲ್ಲಿ ಒಂದು ಪಾಲು ನನ್ನದೇ ಅಂತ ಗೊತ್ತಿತ್ತು, ಆದ್ರೂ." ಅವಳು ನಗಲು ನೋಡಿದಳು. "ನಿಮ್ಮನ್ನ ದೂರ್ತಾ ಇಲ್ಲ. ಯಾರೂ ಇಲ್ಲದ ಕಡೆ ಉರೀತಿದೆಯಲ್ಲ ಅಂತ ಅನ್ನಿಸ್ತು ಅಷ್ಟೇ."

ಇದೇ ಸೂರಿನ ಕೆಳಗೆ, ತಾನು ಕೆಳಗಡೆ ಕಾಲು ಚಾಚಿ ಟೀವಿ ನೋಡುತ್ತಿದ್ದ ಎಲ್ಲ ಸಂಜೆಗಳಲ್ಲೂ, ಈ ಹುಡುಗಿ ಟೋಪಿ ಹಾಕಿಕೊಂಡು ಮಲಗುತ್ತಿದ್ದಳು. ಎದುರಾದಾಗೆಲ್ಲ ತಾನು "ಹೇಗಿದೀಯ" ಎಂದು ಕೇಳಿದ್ದುಂಟು, ಅವಳು "ಚೆನ್ನಾಗಿದೀನಿ" ಎಂದದ್ದೂ ಉಂಟು. ಸಾಯುತ್ತಿರುವವನ ಎದುರು ಸುಳ್ಳು ಹೇಳಿದ್ದಕ್ಕೆ ನೊಂದುಕೊಳ್ಳುತ್ತ ಬಸ್ಸಿನಲ್ಲಿ ಬಂದದ್ದು ಈಗ ಒಂದು ಬಗೆಯ ಶೋಕಿಯ ಹಾಗೆ ಕಂಡಿತು ಫೆನ್ನಾಗೆ. "ನಿನ್ನದೂ ಹಾಕ್ಕೊ. ಹೆಚ್ಚಾದ್ರೆ ನಾನು ನೋಡ್ಕೋತೀನಿ," ಎಂದಳು. ಆಡಿದ ಮೇಲೆ ಆ ಮಾತು ಭಿಕ್ಷೆಯ ತಟ್ಟೆಗೆ ಬಿದ್ದ ಕಾಸಿನ ಸದ್ದು ಮಾಡಿತು.

"ಬೇಡ ಫೆನ್ನಾ. ಅಭ್ಯಾಸ ಆಗಿದೆ."

"ಹಂಗಾದ್ರೆ ಮುಂದಿನ ಕೋಣೆಲಿ ಬಂದು ಕೂತ್ಕೊ. ಹೆಂಗೂ ಉರೀತಿರತ್ತೆ."

"ಅವರಿನ್ನೂ ಇದಾರೆ," ಎಂದಳು ಮರಿಟ್, ಮೆಲ್ಲಗೆ. "ಇರೋವಾಗಲೇ ಅವರ ಜಾಗದಲ್ಲಿ ಕೂತ್ಕೊಳ್ಳೋದಾ?"

ಅಂದಿನಿಂದ ಆ ಹೀಟರು ಆರಲಿಲ್ಲ. ಮರಿಟ್ ಮತ್ತೆ ಅದರ ಮಾತೆತ್ತಲಿಲ್ಲ. ಗೋಡೆ ಒಣಗಿತು, ಕೋಟುಗಳ ವಾಸನೆ ಹೋಯಿತು. ಸುಳ್ಳನ್ನು ಹಿಂದಿನಿಂದ ನಿಜ ಮಾಡಲು ಬರುವುದೇ, ಎಂದು ಫೆನ್ನಾ ಮೆಟ್ಟಿಲು ಹತ್ತುವಾಗೆಲ್ಲ ಯೋಚಿಸುತ್ತಿದ್ದಳು; ಬರುವುದಿಲ್ಲ ಎಂದು ಇಳಿಯುವಾಗ ಅನ್ನಿಸುತ್ತಿತ್ತು. ಹೀಗಿರುವಾಗ ಆರೈಕೆಮನೆಯಿಂದ ಫೋನು ಬಂತು: ರೈಂಡರ್‌ಗೆ ಒಂದು ಸಲ ಮನೆ ನೋಡಬೇಕಂತೆ, ಒಂದೆರಡು ಗಂಟೆಯ ಮಟ್ಟಿಗೆ ಕಳಿಸಬಹುದು, ಅನುಕೂಲವಾದೀತೇ. ಫೆನ್ನಾ ಆ ಕೋಣೆಯ ಹಾಸಿಗೆಗೆ ಹೊಸ ಹೊದಿಕೆ ಹಾಸಿದಳು, ಕಿಟಕಿಯ ಗಾಜು ತೊಳೆದಳು. ಮರಿಟ್ ಕೇಳದೆಯೇ ರಜೆ ಹಾಕಿ, ಬೇಕರಿಯಿಂದ ಒಣದ್ರಾಕ್ಷಿಯ ಬ್ರೆಡ್ಡು ತಂದಳು.

ಭಾನುವಾರ ಗಾಲಿಕುರ್ಚಿ ಹತ್ತಿಸುವ ಟ್ಯಾಕ್ಸಿಯಲ್ಲಿ ಅವರು ಬಂದರು. ಮೈಮೇಲಿನ ಕೋಟಿನೊಳಗೆ ಆಳೇ ಇಲ್ಲದ ಹಾಗಿತ್ತು. ಈ ಮನೆಯ ಮಹಡಿಯ ಮೆಟ್ಟಿಲು ಏಣಿಯ ಹಾಗೆ ಕಡಿದಾದದ್ದು. ಅದರ ಬಗ್ಗೆ ಫೆನ್ನಾ ಯೋಚಿಸಿರಲೇ ಇಲ್ಲ. ಗಾಜು ತೊಳೆದವಳಿಗೆ ಮೆಟ್ಟಿಲು ಹೊಳೆದಿರಲಿಲ್ಲ. ರೈಂಡರ್ ಕುರ್ಚಿಯಿಂದಲೇ ಕೈ ಚಾಚಿ ಕಟಕಟೆ ಹಿಡಿದು ಮೇಲೆ ನೋಡಿದರು. ಟ್ಯಾಕ್ಸಿಯವನು, "ಎತ್ಕೊಂಡು ಹೋಗ್ಲಾ ಯಜಮಾನ್ರೇ? ಒಂದು ಕೈಲಿ ಎತ್ತಬಹುದು ನಿಮ್ಮನ್ನ," ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ.

"ಬೇಡಪ್ಪ. ಮೂಟೆ ಹಂಗೆ ಹೋಗೋ ಕೋಣೆ ಅಲ್ಲ ಅದು," ಎಂದರು ರೈಂಡರ್. ಕಟಕಟೆಯ ಮೇಲಿನ ಕೈಯನ್ನು ತಾವೇ ಬಿಡಿಸಿಕೊಂಡರು.

ಫೆನ್ನಾ ಅಲ್ಲೇ, ಮೆಟ್ಟಿಲ ಬುಡದಲ್ಲಿ, ಮರಿಟ್‌ಳ ಎದುರಿಗೇ, ಹೇಳಿಬಿಟ್ಟಳು. "ನಾನು ಆರಿಸಿಬಿಟ್ಟಿದ್ದೆ ರೈಂಡರ್. ನೀವು ಹೋದ ದಿನವೇ. ಬೆಚ್ಚಗಿದೆ ಅಂದಿದ್ದು ಸುಳ್ಳು. ಈಗ ಹಾಕಿದೀನಿ, ಆದ್ರೆ ಆವಾಗ ಸುಳ್ಳು."

ಅವರು ಅವಳನ್ನು ನೋಡುತ್ತಿದ್ದರು. ಕ್ಷಮಿಸುವ ಮಾತಿಗಾಗಿಯೋ ಬೈಗುಳಕ್ಕಾಗಿಯೋ ಅವಳು ಕಾಯುತ್ತಿದ್ದಳು. ಯಾವುದು ಬಂದರೂ ತಕ್ಕೊಳ್ಳಲು ಸಿದ್ಧಳಾಗಿದ್ದಳು. ಅವರ ಕಣ್ಣು ಮಾತ್ರ ಕೇಳಿಸಿದ್ದನ್ನು ಹಿಡಿದುಕೊಳ್ಳಲು ಒದ್ದಾಡುತ್ತಿತ್ತು. "ಏನು ಆರಿಸಿದ್ದೆ?" ಎಂದರು.

"ಹೀಟರು. ನಿಮ್ಮ ಕೋಣೇದು."

"ಹೂಂ," ಎಂದರು ರೈಂಡರ್. "ಆರಿಸಬೇಕಪ್ಪ. ಯಾರೂ ಇಲ್ಲದಾಗ ಆರಿಸಬೇಕು." ಕಲಿತ ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದರು. ಔಷಧಿಯ ಮಂಪರು, ಎಂದಳು ಮರಿಟ್ ಪಿಸುದನಿಯಲ್ಲಿ. ಅಡುಗೆಮನೆಯ ಮೇಜಿಗೆ ಕೂತಾಗ ಬ್ರೆಡ್ಡಿನ ಒಂದು ಚೂರನ್ನು ಅವರು ಬಾಯಲ್ಲಿಟ್ಟುಕೊಂಡರು, ನುಂಗಲಾಗದೆ ಕರವಸ್ತ್ರಕ್ಕೆ ತೆಗೆದರು, ಅದನ್ನು ನೋಡದವಳ ಹಾಗೆ ಮರಿಟ್ ಎದ್ದು ಕಿಟಕಿಯ ಕಡೆ ಹೋದಳು. ಗಂಟೆ ತುಂಬುವ ಮೊದಲೇ ರೈಂಡರ್ ಕೋಟಿನ ಗುಂಡಿ ಮುಟ್ಟಿ ಮುಟ್ಟಿ ನೋಡತೊಡಗಿದರು. "ಚಳಿ ಆಗ್ತಿದೆ. ಮನೆಗೆ ಹೋಗೋಣವಾ?" ಎಂದರು.

"ಇದೇ ಮನೆ ಅಲ್ವಾ ರೈಂಡರ್," ಎನ್ನಲು ಹೋಗಿ ಫೆನ್ನಾ ತಡೆದುಕೊಂಡಳು. "ಹೋಗೋಣ. ಟ್ಯಾಕ್ಸಿ ಕರೀತೀನಿ," ಎಂದಳು.

ಹೊಲದಂಚಿನಲ್ಲಿ ಮೊದಲ ಕುರಿಮರಿಗಳು ಕಾಣಿಸಿದ ವಾರ ಅವರು ತೀರಿಕೊಂಡರು. ನಿದ್ದೆಯಲ್ಲಿ ಎಂದರು ಆರೈಕೆಮನೆಯವರು. ಮಣ್ಣಿಗೆ ಇಳಿಸುವಾಗ ತೂಬಿನ ಕೆಲಸದ ಹಳೆಯ ಗೆಳೆಯರಿಬ್ಬರು, ಫೆನ್ನಾ, ಮರಿಟ್ ಇಷ್ಟೇ ಜನ. ಕಾಫಿಗೆ ಕೂತಾಗ ಗೆಳೆಯರಲ್ಲೊಬ್ಬ, "ಖಾಲಿ ಕೋಣೆಗೆ ಗಿರಾಕಿ ನೋಡಿದ್ಯೇನಮ್ಮ? ನಮ್ಮಣ್ಣನ ಮಗ ಹುಡುಕ್ತಿದಾನೆ," ಎಂದ. ನೋಡ್ತೀನಿ ಎಂದಳು. ನೋಡಲಿಲ್ಲ. ಕೋಟುಗಳನ್ನು ಚರ್ಚಿನವರಿಗೆ ಕೊಟ್ಟಳು, ಹಾಸಿಗೆಯ ಹೊದಿಕೆ ತೆಗೆದಳು. ಹೀಟರು ಆರಿಸಲೆಂದು ಕಿಟಕಿಯ ಕೆಳಗೆ ಬಗ್ಗಿದವಳು ಮಾತ್ರ ಪ್ರತಿ ಸಲವೂ ತಿರುಪನ್ನು ಮುಟ್ಟದೆ ಎದ್ದಳು. ಇದರ ಲೆಕ್ಕ ಎಲ್ಲಿಗೆ ಹೋಗುತ್ತದೆಂದು ಗೊತ್ತಿತ್ತು. ಇನ್ನು ಎರಡೇ ಪಾಲು. ಮರಿಟ್‌ಗೂ ಗೊತ್ತಿತ್ತು. ಕೇಳುತ್ತಾಳೆ, ಇವತ್ತು ಕೇಳುತ್ತಾಳೆ, ಎಂದು ಫೆನ್ನಾ ಊಟದ ಮೇಜಿನಲ್ಲಿ ಕಾಯುತ್ತಿದ್ದಳು. ಮರಿಟ್ ಉಪ್ಪು ಕೇಳುತ್ತಿದ್ದಳು, ಹವೆಯ ಮಾತಾಡುತ್ತಿದ್ದಳು.

ಒಂದು ಮಧ್ಯಾಹ್ನ ಮಾರುಕಟ್ಟೆಯಿಂದ ಬಂದಾಗ ಮನೆಯಲ್ಲಿ ಸದ್ದಿರಲಿಲ್ಲ. ಮರಿಟ್‌ಳ ಬೂಟುಗಳು ಬಾಗಿಲ ಬಳಿ ಇದ್ದವು. ಇಸ್ತ್ರಿ ಮಾಡಿದ ಟವೆಲುಗಳನ್ನಿಡಲು ಮೇಲೆ ಹೋದ ಫೆನ್ನಾಗೆ ಮುಂದಿನ ಕೋಣೆಯ ಬಾಗಿಲು ಬೆರಳಷ್ಟು ತೆರೆದಿರುವುದು ಕಂಡಿತು. ಒಳಗೆ, ಹೊದಿಕೆಯಿಲ್ಲದ ಹಾಸಿಗೆಯ ಮೇಲೆ, ಕೆಲಸದ ಬಟ್ಟೆಯಲ್ಲೇ, ಮರಿಟ್ ಮಲಗಿದ್ದಳು. ಟೋಪಿ ಕಳಚಿ ನೆಲಕ್ಕೆ ಬಿದ್ದಿತ್ತು. ಬೆನ್ನು ಹೀಟರಿಗೆ ಒತ್ತಿಕೊಂಡಿತ್ತು. ಫೆನ್ನಾಗೆ ಮೊದಲು ಬಂದದ್ದು ಸಿಟ್ಟು, ಮೈಯೆಲ್ಲ ಬಿಸಿಯಾಗುವಂಥದು: ಯಾರನ್ನು ಕೇಳಿ ಬಂದಳು ಇವಳು, ಅವರ ಜಾಗಕ್ಕೆ. ಬಾಗಿಲು ದೂಡಲು ಕೈ ಎತ್ತಿದಳು ಕೂಡ. ಹುಡುಗಿಯ ಬಾಯಿ ಅರೆ ತೆರೆದಿತ್ತು. ಚಳಿಗಾಲವಿಡೀ ಬಿಗಿದುಕೊಂಡಿದ್ದ ಭುಜಗಳು ಸಡಿಲಾಗಿ, ಮುಖ ಇನ್ನೂ ಎಳೆಯದಾಗಿ ಕಾಣುತ್ತಿತ್ತು. ಎತ್ತಿದ ಕೈ ಬಾಗಿಲನ್ನು ಮುಂದಕ್ಕೆಳೆಯಿತು, ಸದ್ದಾಗದ ಹಾಗೆ, ಪೂರ್ತಿ ಮುಚ್ಚದೆ.

ಟವೆಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಮೇಲಿನ ಮೆಟ್ಟಿಲ ಮೇಲೆ ಕೂತಳು. ಬಾಗಿಲ ಸಂದಿನಿಂದ ಉಸಿರಾಟ ಕೇಳುತ್ತಿತ್ತು, ಏರಿ, ಸ್ವಲ್ಪ ತಡೆದು, ಇಳಿಯುತ್ತ. ಅದು ಯಾರದೆಂದು ಗೊತ್ತಿಲ್ಲದವಳ ಹಾಗೆ ಅವಳು ಬಹಳ ಹೊತ್ತು ಕೇಳುತ್ತ ಕೂತಿದ್ದಳು.